ಹಳೆಯ ಕಂಪ್ಯೂಟರ್ ಗೇಮ್‌ಗಳನ್ನು ಇಂದಿನ ಸಿಸ್ಟಂನಲ್ಲಿ ಓಡಿಸುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹಳೆಯ ಗೇಮ್ ತೆರೆದುಕೊಳ್ಳದಿದ್ದಾಗ ಹೆಚ್ಚಿನವರು ಮೊದಲು ಮಾಡುವುದು ಒಂದೇ ಕೆಲಸ: ರೈಟ್ ಕ್ಲಿಕ್ ಮಾಡಿ, ಹಳೆಯ ವಿಂಡೋಸ್‌ನಂತೆ ನಟಿಸಲು ಇರುವ ಕಂಪ್ಯಾಟಿಬಿಲಿಟಿ ಪಟ್ಟಿಯ ವಿಂಡೋಸ್ ಹೆಸರುಗಳನ್ನು ಒಂದಾದ ಮೇಲೊಂದು ಆರಿಸಿ ನೋಡುವುದು. ಒಮ್ಮೊಮ್ಮೆ ಅದೃಷ್ಟ ಒಲಿಯುತ್ತದೆ. ಒಲಿಯದಿದ್ದರೆ ಇಡೀ ಸಂಜೆ ಅದರಲ್ಲೇ ಕಳೆದು, ಎಲ್ಲಿ ಏನು ಬದಲಾಯಿಸಿದೆವು ಎಂಬುದೂ ಮರೆತುಹೋಗಿರುತ್ತದೆ. ಗೇಮ್ ಯಾವ ಕಾಲದ್ದು, ಅದು ಎಲ್ಲಿ ಎಡವುತ್ತಿದೆ ಎಂಬೆರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಪರಿಹಾರಕ್ಕಿಂತ ಮೊದಲು ಪತ್ತೆ ಕೆಲಸ. ಇಲ್ಲಿ ಹೇಳುವ ಹೆಚ್ಚಿನ ಹಂತಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಬೇಕಾದದ್ದು ಕೊನೆಯ ಕಡೆಗೆ ಇದೆ.

ಮೊದಲ ಹಂತ: ಗೇಮ್‌ನ ಕಾಲ ಗುರುತಿಸಿ

ಪಿಸಿ ಗೇಮ್‌ಗಳನ್ನು ನಮ್ಮ ಕೆಲಸದ ಮಟ್ಟಿಗೆ ನಾಲ್ಕು ಗುಂಪು ಮಾಡಬಹುದು. 1990ರ ದಶಕದ ಮಧ್ಯದವರೆಗಿನ ಡಾಸ್ (ಆಜ್ಞೆ ಟೈಪ್ ಮಾಡಿ ಬಳಸುತ್ತಿದ್ದ ಹಳೆಯ ಸಿಸ್ಟಂ) ಗೇಮ್‌ಗಳು, ವಿಂಡೋಸ್ 3.1ರ 16 ಬಿಟ್ ಗೇಮ್‌ಗಳು, ವಿಂಡೋಸ್ 95ರಿಂದ 2000ದ ಆಸುಪಾಸಿನವರೆಗಿನ 32 ಬಿಟ್ ಗೇಮ್‌ಗಳು, ಆಮೇಲೆ ಎಕ್ಸ್‌ಪಿ ಕಾಲದವು. ಡಬ್ಬದ ಹಿಂಬದಿಯಲ್ಲಿ ಯಾವ ಸಿಸ್ಟಂ ಬೇಕೆಂದು ಬರೆದಿರುತ್ತದೆ. ಡಬ್ಬ ಇಲ್ಲದೆ ಫೋಲ್ಡರ್ ಮಾತ್ರ ಉಳಿದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಡಾಸ್‌ಬಾಕ್ಸ್ ಎಂಬ ಉಚಿತ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ) ಹಾಕಿಕೊಂಡು ಗೇಮ್‌ನ ಮುಖ್ಯ ಫೈಲನ್ನು ಅದರ ಐಕಾನ್ ಮೇಲೆ ಎಳೆದು ಬಿಡಿ. ಗೇಮ್ ಶುರುವಾದರೆ, ಅಥವಾ ಸೌಂಡ್ ಕಾರ್ಡ್ ಯಾವುದೆಂದು ಕೇಳಿದರೆ, ಅದು ಡಾಸ್ ಗೇಮ್. ತನಗೆ ಮೈಕ್ರೋಸಾಫ್ಟ್ ವಿಂಡೋಸ್ ಬೇಕು ಎಂಬ ಒಂದು ಸಾಲು ಮೂಡಿದರೆ ಸಾಮಾನ್ಯವಾಗಿ ಅದು ವಿಂಡೋಸ್ 3.1ರ ಕಾಲದ್ದು. ತನ್ನನ್ನು ಡಾಸ್ ಮೋಡ್‌ನಲ್ಲಿ ಓಡಿಸಲಾಗದು ಎಂಬ ಸಾಲು ಬಂದರೆ 32 ಬಿಟ್ ವಿಂಡೋಸ್ ಗೇಮ್.

ಈ ಗುಂಪು ಯಾಕೆ ಮುಖ್ಯ ಎಂದರೆ, 64 ಬಿಟ್ ವಿಂಡೋಸ್‌ನಲ್ಲಿ ಮೊದಲ ಎರಡು ಗುಂಪಿನ ಗೇಮ್‌ಗಳು ನೇರವಾಗಿ ಓಡುವುದೇ ಇಲ್ಲ. ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿರುವಾಗ, ಡಾಸ್ ಪ್ರೋಗ್ರಾಂಗಳಿಗೆ ಆಸರೆಯಾಗಿದ್ದ ವರ್ಚುವಲ್ 8086 ಎಂಬ ಸೌಲಭ್ಯ ಸಿಗುವುದಿಲ್ಲ. 32 ಬಿಟ್ ವಿಂಡೋಸ್‌ನಲ್ಲಿ ಡಾಸ್ ಮತ್ತು 16 ಬಿಟ್ ಪ್ರೋಗ್ರಾಂಗಳನ್ನು ನಡೆಸುತ್ತಿದ್ದ ಎನ್‌ಟಿವಿಡಿಎಂ ಎಂಬ ಭಾಗ 64 ಬಿಟ್ ಆವೃತ್ತಿಯಲ್ಲಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಕಂಪ್ಯಾಟಿಬಿಲಿಟಿ ಪಟ್ಟಿಯಲ್ಲಿ ಏನನ್ನು ಆರಿಸಿದರೂ ಇದು ಬದಲಾಗುವುದಿಲ್ಲ.

ಎರಡನೇ ಹಂತ: ಕೈ ಹಾಕುವ ಮುನ್ನ ಪ್ರತಿ ತೆಗೆದಿಡಿ

ಫ್ಲಾಪಿ, ಸಿಡಿ ಎರಡೂ ಕಾಲಕ್ಕೆ ಹಾಳಾಗುವ ವಸ್ತುಗಳು. ಒಮ್ಮೆ ಓದಿಸಿ ಇಮೇಜ್ ಫೈಲ್ (ಇಡೀ ಡಿಸ್ಕ್‌ನ ನಕಲು) ಮಾಡಿಟ್ಟುಕೊಂಡು, ಮೂಲ ಡಿಸ್ಕನ್ನು ಮತ್ತೆ ಮತ್ತೆ ಬಳಸುವುದು ನಿಲ್ಲಿಸಿ. ಇಲ್ಲಿ ಎಚ್ಚರ ಬೇಕಾದ ವಿಷಯ ಒಂದಿದೆ. 90ರ ದಶಕದ ಎಷ್ಟೋ ಗೇಮ್‌ಗಳ ಸಿಡಿಯಲ್ಲಿ ಮೊದಲ ಟ್ರ್ಯಾಕ್ ಮಾತ್ರ ಡೇಟಾ. ಉಳಿದವು ಮಾಮೂಲಿ ಆಡಿಯೊ ಸಿಡಿಯಂತೆ ಹಾಡಿನ ಟ್ರ್ಯಾಕ್‌ಗಳು. ಐಎಸ್ಒ ರೂಪದಲ್ಲಿ ಪ್ರತಿ ತೆಗೆದರೆ ಡೇಟಾ ಮಾತ್ರ ಬರುತ್ತದೆ, ಸಂಗೀತ ಬಿಟ್ಟುಹೋಗುತ್ತದೆ. ಗೇಮ್ ಓಡುತ್ತದೆ, ಆದರೆ ಸಂಗೀತವೇ ಇಲ್ಲದೆ. ಇಂಥ ಸಿಡಿಗಳನ್ನು ಬಿನ್ ಮತ್ತು ಕ್ಯೂ ಜೋಡಿಯಾಗಿ ಉಳಿಸಿ. ಕ್ಯೂ ಎಂಬುದು ಚಿಕ್ಕ ಪಠ್ಯ ಫೈಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎಷ್ಟು ಆಡಿಯೊ ಟ್ರ್ಯಾಕ್ ಇವೆ ಎಂದು ಕಣ್ಣಿಗೇ ಕಾಣುತ್ತದೆ.

ಗೇಮ್ ಹಾಕುವ ಜಾಗವೂ ಮುಖ್ಯ. ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಬೇಡ. ವಿಸ್ಟಾದಿಂದೀಚೆಗೆ ಆ ಫೋಲ್ಡರ್‌ಗೆ ಸಾಮಾನ್ಯ ಪ್ರೋಗ್ರಾಂಗಳು ಬರೆಯುವಂತಿಲ್ಲ. ಹಳೆಯ ಗೇಮ್‌ಗಳಿಗೋ ತಮ್ಮ ಫೋಲ್ಡರ್‌ನಲ್ಲೇ ಸೇವ್ ಬರೆಯುವ ರೂಢಿ. ವಿಂಡೋಸ್ ಆ ಫೈಲ್‌ಗಳನ್ನು ವರ್ಚುವಲ್‌ಸ್ಟೋರ್ ಎಂಬ ಇನ್ನೊಂದು ಜಾಗಕ್ಕೆ ಸದ್ದಿಲ್ಲದೆ ಕಳಿಸುತ್ತದೆ. ಆಮೇಲೆ ನಾವು ತಿದ್ದಿದ ಸೆಟ್ಟಿಂಗ್ ಯಾಕೆ ಹತ್ತುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಕು. ಸಿ ಡ್ರೈವ್‌ನಲ್ಲಿ ನೇರವಾಗಿ ಗೇಮ್ಸ್ ಎಂಬ ಫೋಲ್ಡರ್ ಮಾಡಿ, ಎಲ್ಲವನ್ನೂ ಅಲ್ಲೇ ಹಾಕಿ. ಡಾಸ್ ಗೇಮ್ ಆದರೆ ಫೋಲ್ಡರ್ ಹೆಸರು ಎಂಟು ಅಕ್ಷರ ಮೀರದಿರಲಿ, ನಡುವೆ ಖಾಲಿ ಜಾಗ ಬೇಡ.

ಮೂರನೇ ಹಂತ: ಯಾರಾದರೂ ಆಗಲೇ ದಾರಿ ಮಾಡಿದ್ದಾರೆಯೇ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ತುಂಬ ಜನಪ್ರಿಯ ಗೇಮ್‌ಗಳಿಗೆ ಎಮ್ಯುಲೇಟರ್‌ನ ಅಗತ್ಯವೇ ಇಲ್ಲ. ಡೂಮ್ 1993ರಲ್ಲಿ ಬಂತು, 1997ರಲ್ಲಿ ಅದರ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಹೊರಬಿತ್ತು. ಅಂದಿನಿಂದ ಅಭಿಮಾನಿಗಳು ಅದನ್ನು ಇಂದಿನ ಸಿಸ್ಟಂಗಳಿಗೆ ಹೊಂದಿಸುತ್ತಲೇ ಬಂದಿದ್ದಾರೆ. ಮೂಲದ ರೂಪ, ವೇಗ ಹಾಗೆಯೇ ಬೇಕೆನ್ನುವವರಿಗೆ ಚಾಕೊಲೇಟ್ ಡೂಮ್, ದೊಡ್ಡ ಪರದೆ ಮತ್ತು ಹೊಸ ಸೌಲಭ್ಯ ಬೇಕೆನ್ನುವವರಿಗೆ ಜಿಝಡ್‌ಡೂಮ್. ಟ್ರಾನ್ಸ್‌ಪೋರ್ಟ್ ಟೈಕೂನ್‌ಗೆ ಓಪನ್‌ಟಿಟಿಡಿ, ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಓಪನ್‌ಆರ್‌ಸಿಟಿ2, ಮೊರೊವಿಂಡ್‌ಗೆ ಓಪನ್‌ಎಂಡಬ್ಲ್ಯೂ, ಡಯಾಬ್ಲೋಗೆ ಡೆವಿಲ್ಯೂಷನ್‌ಎಕ್ಸ್ ಇವೆ. ಇವು ಗೇಮ್ ನಡೆಸುವ ಎಂಜಿನ್ ಮಾತ್ರ. ಚಿತ್ರ, ಧ್ವನಿ, ಹಂತಗಳಿರುವ ಡೇಟಾ ಫೈಲ್‌ಗಳನ್ನು ಸಾಮಾನ್ಯವಾಗಿ ನಿಮ್ಮ ಮೂಲ ಪ್ರತಿಯಿಂದಲೇ ತಂದು ಹಾಕಬೇಕು. ಓಪನ್‌ಟಿಟಿಡಿಗೆ ಮಾತ್ರ ಉಚಿತ ಬದಲಿ ಚಿತ್ರಗಳೂ ಧ್ವನಿಯೂ ಇರುವುದರಿಂದ ಅದೂ ಬೇಕಿಲ್ಲ.

ಕ್ಲಿಕ್ ಮಾಡಿ ಮುನ್ನಡೆಯುವ ಸಾಹಸ ಗೇಮ್‌ಗಳಿಗೆ ಸ್ಕಮ್‌ವಿಎಂ ಇದೆ. 2001ರಲ್ಲಿ ಲ್ಯೂಕಾಸ್‌ಆರ್ಟ್ಸ್ ಗೇಮ್‌ಗಳಿಗಾಗಿ ಶುರುವಾದ ಈ ಯೋಜನೆ ಈಗ ಸಿಯೆರಾದ ಗೇಮ್‌ಗಳೂ ಸೇರಿ ನೂರಾರನ್ನು ನಡೆಸುತ್ತದೆ. ಗೇಮ್ ಇರುವ ಫೋಲ್ಡರ್ ತೋರಿಸಿದರೆ ಸಾಕು, ಯಾವ ಗೇಮ್, ಯಾವ ಆವೃತ್ತಿ ಎಂದು ಅದೇ ಗುರುತಿಸುತ್ತದೆ. ಪರೀಕ್ಷಿಸಿ ನೋಡಲು ಬಿನೀತ್ ಎ ಸ್ಟೀಲ್ ಸ್ಕೈ ಒಳ್ಳೆಯ ಆಯ್ಕೆ. 2003ರಲ್ಲಿ ಅದರ ಹಕ್ಕುದಾರರೇ ಅದನ್ನು ಉಚಿತವಾಗಿ ಬಿಟ್ಟಿದ್ದಾರೆ.

ಅಂಗಡಿಯಲ್ಲಿ ಸಿಗದ ಗೇಮ್‌ಗಳನ್ನು ಅಬಾಂಡನ್‌ವೇರ್ ಎಂದು ಕರೆದು ಹಂಚುವ ತಾಣಗಳಿವೆ. ಮಾರಾಟ ನಿಂತ ಮಾತ್ರಕ್ಕೆ ಹಕ್ಕುಸ್ವಾಮ್ಯ ಹೋಗುವುದಿಲ್ಲ. 2008ರಿಂದ ನಡೆಯುತ್ತಿರುವ ಜಿಒಜಿಯಂಥ ಅಂಗಡಿಗಳು ಡಾಸ್‌ಬಾಕ್ಸ್ ಸಮೇತ, ಡಿಸ್ಕ್ ಪರೀಕ್ಷೆ ಇಲ್ಲದೆ ಹಳೆಯ ಗೇಮ್ ಮಾರುತ್ತವೆ. ನಿಮ್ಮ ಗೇಮ್ ಅಲ್ಲಿ ಇದ್ದರೆ ಕೊಂಡುಬಿಡಿ. ಎಷ್ಟೋ ದಿನದ ತೊಂದರೆ ತಪ್ಪುತ್ತದೆ.

ಡಾಸ್ ಗೇಮ್‌ಗಳು: ಡಾಸ್‌ಬಾಕ್ಸ್ ಅನ್ನು ಹದಕ್ಕೆ ತರುವುದು

ಡಾಸ್‌ಬಾಕ್ಸ್ ಒಂದು ಇಡೀ ಹಳೆಯ ಪಿಸಿಯನ್ನು, ಅದರ ಪ್ರೊಸೆಸರ್, ಗ್ರಾಫಿಕ್ಸ್, ಸೌಂಡ್ ಕಾರ್ಡ್ ಸಮೇತ, ಸಾಫ್ಟ್‌ವೇರ್‌ನಲ್ಲೇ ಕಟ್ಟಿಕೊಡುತ್ತದೆ. ಮೂಲ ಡಾಸ್‌ಬಾಕ್ಸ್ ಇತ್ತೀಚೆಗೆ ಹೆಚ್ಚು ಬದಲಾಗಿಲ್ಲ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಅದನ್ನೇ ಆಧರಿಸಿದ ಡಾಸ್‌ಬಾಕ್ಸ್ ಸ್ಟೇಜಿಂಗ್. ಡಾಸ್‌ಬಾಕ್ಸ್ ಎಕ್ಸ್ ಇನ್ನೂ ಹೆಚ್ಚು ಯಂತ್ರಗಳನ್ನು ಅನುಕರಿಸುತ್ತದೆ, ವಿಂಡೋಸ್ 98 ಅನ್ನೂ ಅದರೊಳಗೆ ಹಾಕಬಹುದು, ಆದರೆ ಸೆಟ್ಟಿಂಗ್‌ಗಳು ತುಂಬ.

ಡಾಸ್‌ಬಾಕ್ಸ್ ತೆರೆದಾಗ ಅದಕ್ಕೆ ನಿಮ್ಮ ಹಾರ್ಡ್ ಡಿಸ್ಕ್ ಕಾಣುವುದಿಲ್ಲ. ಮೌಂಟ್ ಎಂಬ ಆಜ್ಞೆ ಕೊಟ್ಟು, ಡ್ರೈವ್ ಅಕ್ಷರವಾಗಿ ಸಿ ಬರೆದು, ಗೇಮ್ಸ್ ಫೋಲ್ಡರ್‌ನ ದಾರಿ ತೋರಿಸಬೇಕು. ಸಿಡಿ ಇಮೇಜ್‌ಗೆ ಇಮ್ಗ್‌ಮೌಂಟ್ ಎಂಬ ಬೇರೆ ಆಜ್ಞೆ. ಅದಕ್ಕೆ ಡಿ ಅಕ್ಷರ ಕೊಟ್ಟು ಕ್ಯೂ ಫೈಲನ್ನೇ ತೋರಿಸಿ, ಬಿನ್ ಫೈಲನ್ನಲ್ಲ. ಆಗ ಆಡಿಯೊ ಟ್ರ್ಯಾಕ್‌ಗಳೂ ಕೇಳುತ್ತವೆ. ಈ ಸಾಲುಗಳನ್ನು ಪ್ರತಿ ಸಲ ಟೈಪ್ ಮಾಡಬೇಕಿಲ್ಲ. ಕಾನ್ಫಿಗರೇಷನ್ ಫೈಲ್‌ನ ಕೊನೆಯಲ್ಲಿರುವ ಆಟೊಎಕ್ಸೆಕ್ ಭಾಗದಲ್ಲಿ ಬರೆದಿಟ್ಟರೆ ತಾನಾಗಿಯೇ ನಡೆಯುತ್ತವೆ. ಒಂದೊಂದು ಗೇಮ್‌ಗೂ ಒಂದೊಂದು ಕಾನ್ಫಿಗರೇಷನ್ ಫೈಲ್ ಇರಲಿ. ಎಲ್ಲಕ್ಕೂ ಒಂದೇ ಇಟ್ಟರೆ ಒಂದನ್ನು ಸರಿಮಾಡುವಾಗ ಇನ್ನೊಂದು ಕೆಡುತ್ತದೆ.

ಇನ್ನು ವೇಗ. ಡಾಸ್ ಗೇಮ್‌ಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಆ ಕಾಲದ ಕೆಲವು ಗೇಮ್‌ಗಳು ಗಡಿಯಾರ ನೋಡಿ ನಡೆಯುತ್ತಿರಲಿಲ್ಲ; ಪ್ರೊಸೆಸರ್ ಎಷ್ಟು ಬೇಗ ಓಡುತ್ತದೋ ಅಷ್ಟು ಬೇಗ ಆಟವೂ ಓಡುತ್ತಿತ್ತು. 1990ರ ವಿಂಗ್ ಕಮಾಂಡರ್ ಇದಕ್ಕೆ ಪ್ರಸಿದ್ಧ ಉದಾಹರಣೆ: ವೇಗದ ಯಂತ್ರದಲ್ಲಿ ಶತ್ರು ನೌಕೆ ಕಣ್ಣಿಗೆ ಬೀಳುವಷ್ಟರಲ್ಲಿ ಕಾಳಗವೇ ಮುಗಿದಿರುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಇದನ್ನು ಹಿಡಿತಕ್ಕೆ ತರುವುದು ಸೈಕಲ್ಸ್ ಎಂಬ ಸಂಖ್ಯೆ. ಮೊದಲ ಐಬಿಎಂ ಪಿಸಿಯ ವೇಗಕ್ಕೆ ಸುಮಾರು 300, 33 ಮೆಗಾಹರ್ಟ್ಸ್‌ನ 386ಕ್ಕೆ ಸುಮಾರು 6000, 66 ಮೆಗಾಹರ್ಟ್ಸ್‌ನ 486ಕ್ಕೆ ಸುಮಾರು 25000 ಇಟ್ಟು ಶುರುಮಾಡಿ. ಆಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಕಂಟ್ರೋಲ್ ಮತ್ತು ಎಫ್12 ಒತ್ತಿದರೆ ಏರುತ್ತದೆ. ಧ್ವನಿ ತುಂಡಾಗುತ್ತಿದ್ದರೆ ಎಷ್ಟೋ ಸಲ ಸೈಕಲ್ಸ್ ಅತಿಯಾಗಿ ಏರಿಸಿರುವುದೇ ಕಾರಣ: ನಿಮ್ಮ ಇಂದಿನ ಪ್ರೊಸೆಸರ್‌ಗೇ ಅಷ್ಟು ಎಮ್ಯುಲೇಷನ್ ಮಾಡಲು ಆಗುತ್ತಿಲ್ಲ ಎಂದು ಅರ್ಥ. ಗೇಮ್ ತೆರೆದ ಕೂಡಲೇ ರನ್‌ಟೈಮ್ ಎರರ್ 200 ಎಂದು ಬಂದು ನಿಂತರೆ ಅದೂ ವೇಗದ ಕಾಟವೇ. ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಶುರುವಿನಲ್ಲಿ ಯಂತ್ರದ ವೇಗ ಅಳೆಯುತ್ತವೆ, ಉತ್ತರ ತೀರಾ ದೊಡ್ಡದಾಗಿ ಲೆಕ್ಕ ತಪ್ಪುತ್ತದೆ. ಸೈಕಲ್ಸ್ ಇಳಿಸಿ ತೆರೆಯಿರಿ.

ಧ್ವನಿಗೆ ಗೇಮ್‌ನ ಫೋಲ್ಡರ್‌ನಲ್ಲಿ ಸೆಟಪ್ ಅಥವಾ ಇನ್‌ಸ್ಟಾಲ್ ಎಂಬ ಪ್ರೋಗ್ರಾಂ ಹುಡುಕಿ. ಸೌಂಡ್ ಬ್ಲಾಸ್ಟರ್ 16 ಎಂಬ ಸೌಂಡ್ ಕಾರ್ಡ್ ಆರಿಸಿ, ಅಡ್ರೆಸ್ 220, ಐಆರ್‌ಕ್ಯೂ 7, ಡಿಎಂಎ 1, ಹೈ ಡಿಎಂಎ 5 ಕೊಡಿ. ಬಹಳಷ್ಟು ಗೇಮ್‌ಗಳು ಐಆರ್‌ಕ್ಯೂ 5 ಎಂದು ಊಹಿಸಿಕೊಂಡಿರುತ್ತವೆ, ಡಾಸ್‌ಬಾಕ್ಸ್ ತಾನಾಗಿ ಇಟ್ಟಿರುವುದು 7. ಸಂಗೀತ ಕೇಳಿಸಿ ಮಾತು, ಗುಂಡಿನ ಸದ್ದು ಕೇಳಿಸದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಸಂಗೀತದ ವಿಷಯದಲ್ಲಿ ಇನ್ನೊಂದು ಮಾತು. 1990ರ ಆಸುಪಾಸಿನ ಕೆಲವು ಸಾಹಸ ಗೇಮ್‌ಗಳ ಸಂಗೀತವನ್ನು 1987ರ ರೋಲೆಂಡ್ ಎಂಟಿ-32 ಎಂಬ ಉಪಕರಣಕ್ಕಾಗಿಯೇ ಸಂಯೋಜಿಸಲಾಗಿತ್ತು. ಅದೇ ತುಣುಕನ್ನು ಸೌಂಡ್ ಬ್ಲಾಸ್ಟರ್‌ನಲ್ಲಿ ಕೇಳುವುದಕ್ಕೂ ಎಂಟಿ-32ರಲ್ಲಿ ಕೇಳುವುದಕ್ಕೂ ಅಜಗಜಾಂತರ. ಸ್ಟೇಜಿಂಗ್ ಮತ್ತು ಸ್ಕಮ್‌ವಿಎಂ ಎರಡರಲ್ಲೂ ಅದರ ಎಮ್ಯುಲೇಷನ್ ಇದೆ, ಆದರೆ ಉಪಕರಣದ ಚಿಪ್‌ನಲ್ಲಿರುವ ರಾಮ್ (ROM) ಫೈಲ್‌ಗಳನ್ನು ನೀವೇ ಒದಗಿಸಬೇಕು. ಸ್ವಲ್ಪ ಶ್ರಮ ಹಿಡಿಯುತ್ತದೆ; ಆ ಗೇಮ್‌ಗಳನ್ನು ಪ್ರೀತಿಸುವವರು ಖಂಡಿತ ಮಾಡಬೇಕಾದ ಕೆಲಸ.

ಚಿತ್ರ ಚಪ್ಪಟೆಯಾಗಿ ಕಾಣುತ್ತಿದೆಯೇ? ಡಾಸ್ ಗೇಮ್‌ಗಳ ಸಾಮಾನ್ಯ ಅಳತೆ 320 ಅಡ್ಡ, 200 ಉದ್ದ. ಅಂದಿನ 4:3 ಮಾನಿಟರ್ ಅದನ್ನು ಪರದೆ ತುಂಬ ಹಿಗ್ಗಿಸುತ್ತಿದ್ದುದರಿಂದ ಒಂದೊಂದು ಚುಕ್ಕಿಯೂ ಅಗಲಕ್ಕಿಂತ 1.2 ಪಟ್ಟು ಎತ್ತರವಾಗಿ ಕಾಣುತ್ತಿತ್ತು. ಚಿತ್ರ ಬರೆದವರೂ ಅದನ್ನು ಲೆಕ್ಕದಲ್ಲಿಟ್ಟೇ ಬರೆದಿದ್ದರು. ಹಾಗಾಗಿ ಆಸ್ಪೆಕ್ಟ್ ಸೆಟ್ಟಿಂಗ್ ಆನ್ ಆಗಿರಲಿ. ಆಗ ಚಂದ್ರ ದುಂಡಗೆ ಕಾಣುತ್ತಾನೆ.

ವಿಂಡೋಸ್ 3.1ರ ಗೇಮ್‌ಗಳು

ಎರಡು ದಾರಿ. ನಿಮ್ಮ ಬಳಿ ವಿಂಡೋಸ್ 3.1ರ ಪ್ರತಿ ಇದ್ದರೆ ಅದನ್ನೇ ಡಾಸ್‌ಬಾಕ್ಸ್ ಒಳಗೆ ಹಾಕಿ, ಅಲ್ಲಿ ಗೇಮ್ ನಡೆಸಿ. ಇಲ್ಲವಾದರೆ ವೈನ್‌ವಿಡಿಎಂ ಎಂಬ ಉಚಿತ ಸಾಧನ ಬಳಸಿ; ಅದು 16 ಬಿಟ್ ವಿಂಡೋಸ್ ಪ್ರೋಗ್ರಾಂಗಳನ್ನು 64 ಬಿಟ್ ವಿಂಡೋಸ್ ಮೇಲೆಯೇ ಓಡಿಸುತ್ತದೆ. ಇದರ ಇನ್ನೊಂದು ಉಪಯೋಗ ಹೆಚ್ಚು ಬೆಲೆಯುಳ್ಳದ್ದು: ವಿಂಡೋಸ್ 95 ಕಾಲದ ಕೆಲವು ಗೇಮ್‌ಗಳು ತಾವು 32 ಬಿಟ್ ಆದರೂ ಅವುಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್. ಇನ್‌ಸ್ಟಾಲರ್ ತೆರೆಯದಿದ್ದರೆ ಗೇಮೇ ಓಡದು ಎಂದು ಕೈಬಿಡಬೇಡಿ. ವೈನ್‌ವಿಡಿಎಂನಲ್ಲಿ ಇನ್‌ಸ್ಟಾಲರ್ ನಡೆಸಿ, ಅಥವಾ ಸಿಡಿಯಲ್ಲಿ ಫೈಲ್‌ಗಳು ಬಿಡಿಬಿಡಿಯಾಗಿಯೇ ಇದ್ದರೆ ಅವನ್ನು ನೇರವಾಗಿ ನಕಲು ಮಾಡಿಕೊಳ್ಳಿ.

ವಿಂಡೋಸ್ 95ರಿಂದ ಎಕ್ಸ್‌ಪಿವರೆಗೆ: ನಿಜವಾದ ಕಷ್ಟ ಇಲ್ಲಿದೆ

ಡಾಸ್ ಗೇಮ್‌ಗಳಿಗಿಂತ ಈ ಕಾಲದವೇ ಹೆಚ್ಚು ಕಾಡುತ್ತವೆ. ಇವು ಅರ್ಧ ಓಡುತ್ತವೆ, ಅರ್ಧಕ್ಕೆ ಕೈಕೊಡುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಪ್ರಯೋಜನವಾಗದಿದ್ದರೆ ಹಿಂದಿನ ಸ್ಥಿತಿಗೆ ತಂದು ಮುಂದೆ ಹೋಗಿ. ನಾನು ಹಿಡಿಯುವ ಕ್ರಮ ಹೀಗಿದೆ.

1. ಗೇಮ್‌ನ ಕೊನೆಯ ಅಧಿಕೃತ ಪ್ಯಾಚ್ ಹಾಕಿ. ಅರ್ಧಕ್ಕರ್ಧ ದೋಷ ಅಲ್ಲೇ ಹೋಗಬಹುದು.

2. ಬಿಟ್ಟುಹೋದ ಭಾಗಗಳನ್ನು ತುಂಬಿಸಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಫೀಚರ್ಸ್ ಪಟ್ಟಿ ತೆರೆದು, ಲೆಗಸಿ ಕಾಂಪೊನೆಂಟ್ಸ್ ಕೆಳಗಿನ ಡೈರೆಕ್ಟ್‌ಪ್ಲೇಗೆ ಟಿಕ್ ಹಾಕಿ. ಡಿ3ಡಿಎಕ್ಸ್9 ಎಂದು ಶುರುವಾಗುವ ಡಿಎಲ್ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲ್) ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ (ಗೇಮ್‌ಗಳ ಚಿತ್ರ, ಧ್ವನಿ ನಡೆಸುವ ವಿಂಡೋಸ್ ಭಾಗ) ಪ್ಯಾಕೇಜ್ ಹಾಕಿ. ಹೊಸ ಡೈರೆಕ್ಟ್‌ಎಕ್ಸ್ ಇದ್ದರೂ ಅದರೊಳಗೆ ಆ ಹಳೆಯ ಡಿಎಲ್ಎಲ್‌ಗಳು ಇರುವುದಿಲ್ಲ. ಡಿಎಲ್ಎಲ್ ಒಂದನ್ನೇ ಕಂಡ ಕಂಡ ತಾಣದಿಂದ ಇಳಿಸಿಕೊಳ್ಳಬೇಡಿ.

3. ಈಗ ಕಂಪ್ಯಾಟಿಬಿಲಿಟಿ ಮೋಡ್. ಮೆಮೊರಿ ಸಾಲದು, ಡಿಸ್ಕ್‌ನಲ್ಲಿ ಜಾಗವಿಲ್ಲ ಎಂದು ಗೇಮ್ ಹೇಳಿದರೆ ಇದು ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಜಾಗ ಕಡಿಮೆ ಇರುವುದರಿಂದಲ್ಲ, ಅತಿ ಹೆಚ್ಚು ಇರುವುದರಿಂದ ಈ ಸಂದೇಶ ಬರುತ್ತದೆ. 2 ಜಿಬಿ ಮೀರಿದ ಸಂಖ್ಯೆ ಆ ಗೇಮ್‌ನ ಲೆಕ್ಕದಲ್ಲಿ ಋಣ ಸಂಖ್ಯೆಯಾಗಿಬಿಡುತ್ತದೆ.

4. ಚಿತ್ರದ ತೊಂದರೆಗೆ ರ್‍ಯಾಪರ್. ಗೇಮ್‌ನ ಹಳೆಯ ಆದೇಶಗಳನ್ನು ಇಂದಿನ ಸಿಸ್ಟಂಗೆ ಅರ್ಥವಾಗುವಂತೆ ಬದಲಿಸಿಕೊಡುವ ಚಿಕ್ಕ ಪ್ರೋಗ್ರಾಂಗೆ ಈ ಹೆಸರು. ಬಣ್ಣ ಕಲಸಿಹೋಗುವುದು, ಕಪ್ಪು ಪರದೆ, ಮೆನು ಕಾಣದಿರುವುದು, ಹೊರಗೆ ಹೋಗಿ ಬಂದರೆ ಗೇಮ್ ಮುಚ್ಚಿಕೊಳ್ಳುವುದು ಇವೆಲ್ಲ ಡೈರೆಕ್ಟ್‌ಎಕ್ಸ್‌ನ ಹಳೆಯ ಭಾಗಗಳಾದ ಡೈರೆಕ್ಟ್‌ಡ್ರಾ, ಡೈರೆಕ್ಟ್3ಡಿ ಮತ್ತು ಇಂದಿನ ಗ್ರಾಫಿಕ್ಸ್ ಡ್ರೈವರ್ ನಡುವಿನ ಹೊಂದಾಣಿಕೆಯಿಲ್ಲದೆ ಆಗುವಂಥವು. ಸ್ಟಾರ್‌ಕ್ರಾಫ್ಟ್ (1998), ಏಜ್ ಆಫ್ ಎಂಪೈರ್ಸ್ 2 (1999) ಎರಡೂ 256 ಬಣ್ಣಗಳ ಪ್ಯಾಲೆಟ್ ಬಳಸುವ ಗೇಮ್‌ಗಳು. ವಿಸ್ಟಾ ಮತ್ತು 7ರಲ್ಲಿ ಡೆಸ್ಕ್‌ಟಾಪ್ ನಡುವೆ ಬಂದು ಪ್ಯಾಲೆಟ್ ಬದಲಾಯಿಸುತ್ತಿದ್ದುದರಿಂದ ಅವುಗಳ ಬಣ್ಣ ವಿಚಿತ್ರವಾಗುತ್ತಿತ್ತು. ಟೂಡಿ ಗೇಮ್‌ಗಳಿಗೆ ಸಿಎನ್‌ಸಿ-ಡಿಡ್ರಾ, ತ್ರೀಡಿ ಗೇಮ್‌ಗಳಿಗೆ ಡಿಜಿವೂಡೂ2 ಬಳಸಿ. 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್‌ಗಾಗಿಯೇ, ಗ್ಲೈಡ್ ಎಂಬ ಅದರದೇ ಗ್ರಾಫಿಕ್ಸ್ ವ್ಯವಸ್ಥೆ ಬಳಸಿ ಬರೆದ ಗೇಮ್‌ಗಳನ್ನೂ ಡಿಜಿವೂಡೂ2 ನಡೆಸುತ್ತದೆ.

ಡಿಜಿವೂಡೂ2 ಹಾಕುವಾಗ ಇನ್‌ಸ್ಟಾಲ್ ಏನೂ ಇಲ್ಲ. ಅದರ ಪ್ಯಾಕೇಜ್‌ನ ಎಂಎಸ್ ಎಂಬ ಫೋಲ್ಡರ್‌ನೊಳಗೆ ಎಕ್ಸ್86 ಎಂಬ ಫೋಲ್ಡರ್ ಇದೆ. ಅಲ್ಲಿನ ಡಿಡ್ರಾ, ಡಿ3ಡಿಇಮ್, ಡಿ3ಡಿ8 ಹೆಸರಿನ ಡಿಎಲ್ಎಲ್‌ಗಳನ್ನು ಗೇಮ್‌ನ ಮುಖ್ಯ ಫೈಲ್ ಇರುವ ಫೋಲ್ಡರ್‌ಗೆ ನಕಲು ಮಾಡಿ. ನಿಮ್ಮ ವಿಂಡೋಸ್ 64 ಬಿಟ್ ಆದರೂ ಗೇಮ್ 32 ಬಿಟ್ ಆದ್ದರಿಂದ ಎಕ್ಸ್86 ಫೋಲ್ಡರ್‌ನದೇ ಬೇಕು. ಜೊತೆಗೆ ಬರುವ ಕಂಟ್ರೋಲ್ ಪ್ಯಾನೆಲ್ ಪ್ರೋಗ್ರಾಂ ಅನ್ನೂ ಅಲ್ಲಿಗೇ ನಕಲಿಸಿ, ತೆರೆದು, ರೆಸಲ್ಯೂಷನ್ ಮತ್ತು ಪರದೆಯ ಅನುಪಾತ ಆರಿಸಿ. ಅದರ ವಾಟರ್‌ಮಾರ್ಕ್ ಆಯ್ಕೆ ಆನ್ ಮಾಡಿ ಗೇಮ್ ತೆರೆಯಿರಿ. ಮೂಲೆಯಲ್ಲಿ ಗುರುತು ಕಂಡರೆ ರ್‍ಯಾಪರ್ ಕೆಲಸ ಮಾಡುತ್ತಿದೆ ಎಂದು ಖಚಿತ. ಆಮೇಲೆ ಆಫ್ ಮಾಡಿ. ಗುರುತು ಕಾಣದಿದ್ದರೆ ಡಿಎಲ್ಎಲ್ ಬೇರೆ ಫೋಲ್ಡರ್‌ನಲ್ಲಿ ಬಿದ್ದಿದೆ, ಅಥವಾ ಗೇಮ್ ಬಳಸುವುದು ಬೇರೆ ಆವೃತ್ತಿಯ ಡೈರೆಕ್ಟ್‌ಎಕ್ಸ್. ಯಾವ ಕಾರಣಕ್ಕೂ ಈ ಫೈಲ್‌ಗಳನ್ನು ವಿಂಡೋಸ್‌ನ ಸಿಸ್ಟಂ ಫೋಲ್ಡರ್‌ಗೆ ಹಾಕಬೇಡಿ.

5. ಫ್ರೇಮ್ ವೇಗಕ್ಕೆ ಮಿತಿ ಹಾಕಿ. ಈ ಕಾಲದ ಎಷ್ಟೋ ಗೇಮ್‌ಗಳಲ್ಲಿ ಭೌತಿಕ ಲೆಕ್ಕಾಚಾರ ಫ್ರೇಮ್‌ಗಳಿಗೆ ಅಂಟಿಕೊಂಡಿದೆ. ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಫ್ರೇಮ್ ಲಿಮಿಟರ್ ಆಫ್ ಮಾಡಿದರೆ ಈಜುವುದೇ ಕಷ್ಟವಾಗುತ್ತದೆ. ಗೇಮ್‌ನಲ್ಲೇ ಮಿತಿ ಇದ್ದರೆ ಅದು ಆನ್ ಆಗಿಯೇ ಇರಲಿ. ಇಲ್ಲದಿದ್ದರೆ ಗ್ರಾಫಿಕ್ಸ್ ಡ್ರೈವರ್‌ನ ಸೆಟ್ಟಿಂಗ್ ಅಥವಾ ರಿವಾ ಟ್ಯೂನರ್ ಮೂಲಕ 60ಕ್ಕೆ ನಿಲ್ಲಿಸಿ, ಬೇಕಿದ್ದರೆ 30ಕ್ಕೆ. ಆಗಾಗ ಜಿಗಿಯುವ, ಹೆಪ್ಪುಗಟ್ಟುವ ಗೇಮ್ ಆದರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಟ್ ಅಫಿನಿಟಿ ಆರಿಸಿ, ಒಂದೇ ಕೋರ್ ಬಿಟ್ಟು ಉಳಿದವನ್ನು ತೆಗೆಯಿರಿ.

6. ಧ್ವನಿ. ವಿಸ್ಟಾದಲ್ಲಿ ಡೈರೆಕ್ಟ್‌ಸೌಂಡ್‌ನ ಹಾರ್ಡ್‌ವೇರ್ ಬೆಂಬಲ ಹೋದ ಮೇಲೆ ಇಎಎಕ್ಸ್ ಎಂಬ ಪ್ರತಿಧ್ವನಿ ಸೌಲಭ್ಯವೂ ಹೋಯಿತು. ಡಿಎಸ್ಒಎಎಲ್ ಎಂಬ ರ್‍ಯಾಪರ್ ಅದನ್ನು ಮರಳಿ ತರುತ್ತದೆ. ಸಿಡಿ ಸಂಗೀತ ಬಾರದಿದ್ದರೆ ಆಡಿಯೊ ಟ್ರ್ಯಾಕ್‌ಗಳನ್ನು ಓಜಿಜಿ ಫೈಲ್ ಮಾಡಿ, ಓಜಿಜಿ-ವಿನ್‌ಎಂಎಂ ಬಳಸಿ.

ಡಿಸ್ಕ್ ರಕ್ಷಣೆ ಇರುವ ಗೇಮ್‌ಗಳು

ಮೇಲಿನದೆಲ್ಲ ಮಾಡಿಯೂ ಗೇಮ್ ತೆರೆಯದೆ, ಡಬಲ್ ಕ್ಲಿಕ್ ಮಾಡಿದಾಗ ಒಂದು ಕ್ಷಣ ಕರ್ಸರ್ ತಿರುಗಿ ಸುಮ್ಮನಾದರೆ, ಅಥವಾ ಸಿಡಿ ಇದ್ದರೂ ಸಿಡಿ ಹಾಕಿ ಎಂದು ಕೇಳಿದರೆ, ಡಿಸ್ಕ್ ರಕ್ಷಣೆಯ ಮೇಲೆ ಅನುಮಾನಪಡಿ. ಸೇಫ್‌ಡಿಸ್ಕ್ ಎಂಬ ರಕ್ಷಣೆಗೆ ವಿಂಡೋಸ್ ಒಳಗೇ ಒಂದು ಡ್ರೈವರ್ ಬೇಕಿತ್ತು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಆ ಡ್ರೈವರ್ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನ ಭದ್ರತಾ ಅಪ್‌ಡೇಟ್ ವಿಸ್ಟಾ, 7, 8ರಲ್ಲೂ ಅದನ್ನು ನಿಲ್ಲಿಸಿತು. ಕಾರಣ ಆ ಡ್ರೈವರ್‌ನಲ್ಲಿದ್ದ ಭದ್ರತಾ ದೋಷ. ಅದನ್ನು ಹುಡುಕಿ ತಂದು ಮತ್ತೆ ಹಾಕುವ ವಿಧಾನಗಳು ಓಡಾಡುತ್ತಿವೆ; ಒಂದು ಗೇಮ್‌ಗಾಗಿ ಇಡೀ ಸಿಸ್ಟಂನ ಬಾಗಿಲು ತೆರೆದಿಡುವ ಕೆಲಸ ಅದು, ಬೇಡವೇ ಬೇಡ. ಪ್ರಕಾಶಕರೇ ಡಿಸ್ಕ್ ಪರೀಕ್ಷೆ ತೆಗೆದು ಹಾಕಿದ ಪ್ಯಾಚ್ ಇದೆಯೇ ನೋಡಿ, ಇಲ್ಲವಾದರೆ ಡಿಜಿಟಲ್ ಆವೃತ್ತಿ ಕೊಳ್ಳಿ. ಯಾರೋ ಮಾರ್ಪಡಿಸಿದ ಫೈಲ್‌ಗಳಲ್ಲಿ ವೈರಸ್ ಇರುವ ಅಪಾಯವಿದೆ, ರಕ್ಷಣೆ ಮುರಿಯುವುದರ ಬಗ್ಗೆ ಕಾನೂನೂ ದೇಶದಿಂದ ದೇಶಕ್ಕೆ ಬೇರೆ.

ಯಾವುದಕ್ಕೂ ಬಗ್ಗದ ಗೇಮ್‌ಗೆ

ಕೊನೆಯ ಉಪಾಯ ಆ ಕಾಲದ ಸಿಸ್ಟಂ ಅನ್ನೇ ಮರುಸೃಷ್ಟಿಸುವುದು. ಎಕ್ಸ್‌ಪಿ ಕಾಲದ, ತ್ರೀಡಿ ಅಷ್ಟಾಗಿ ಇಲ್ಲದ ಗೇಮ್‌ಗೆ, ನಿಮ್ಮ ಸಿಸ್ಟಂ ಒಳಗೇ ಇನ್ನೊಂದು ಸಿಸ್ಟಂ ನಡೆಸುವ ವರ್ಚುವಲ್‌ಬಾಕ್ಸ್ ಸಾಕು. ವಿಂಡೋಸ್ 98ರ ತ್ರೀಡಿ ಗೇಮ್‌ಗೆ ಅದು ಪ್ರಯೋಜನವಿಲ್ಲ, 86ಬಾಕ್ಸ್ ಬೇಕು. ಮದರ್‌ಬೋರ್ಡ್, ಪೆಂಟಿಯಂ, ವೂಡೂ ಕಾರ್ಡ್, ಸೌಂಡ್ ಬ್ಲಾಸ್ಟರ್ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಅನುಕರಿಸುತ್ತದೆ. ಆದ್ದರಿಂದಲೇ ನಿಧಾನ, ಪೆಂಟಿಯಂ 2ರಂಥ ಯಂತ್ರ ಕಟ್ಟಲು ಹೋದರೆ ಇಂದಿನ ಒಳ್ಳೆಯ ಪ್ರೊಸೆಸರ್ ಕೂಡ ಏದುಸಿರು ಬಿಡುತ್ತದೆ. ಪೆಂಟಿಯಂ ಎಂಎಂಎಕ್ಸ್ ಮಟ್ಟದಲ್ಲಿ ಶುರುಮಾಡಿ. ಯಾವ ದಾರಿಯಾದರೂ ಆ ಹಳೆಯ ವಿಂಡೋಸ್‌ಗೆ ಇಂಟರ್‌ನೆಟ್ ಸಂಪರ್ಕ ಕೊಡಬೇಡಿ.

ಲಿನಕ್ಸ್ ಮತ್ತು ಮ್ಯಾಕ್

ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸುವ ವೈನ್, ಅದನ್ನೇ ಆಧರಿಸಿ ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್, ಇವೆರಡನ್ನೂ ನಿಭಾಯಿಸುವ ಲೂಟ್ರಿಸ್ ಇವೆ. ಕೆಲವು ಹಳೆಯ ವಿಂಡೋಸ್ ಗೇಮ್‌ಗಳು ವಿಂಡೋಸ್ 11ಕ್ಕಿಂತ ವೈನ್‌ನಲ್ಲೇ ಚೆನ್ನಾಗಿ ಓಡುತ್ತವೆ. ಗೇಮ್‌ಗೊಂದು ಪ್ರತ್ಯೇಕ ಪ್ರಿಫಿಕ್ಸ್ (ವೈನ್ ತನ್ನ ಫೈಲ್, ಸೆಟ್ಟಿಂಗ್ ಇಡುವ ಫೋಲ್ಡರ್) ಮಾಡಿಕೊಳ್ಳಿ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾದಿಂದ 32 ಬಿಟ್ ಪ್ರೋಗ್ರಾಂಗಳೇ ನಿಂತುಹೋದವು, 2020ರಿಂದ ಪ್ರೊಸೆಸರ್ ಕೂಡ ಬದಲಾಯಿತು. ಡಾಸ್‌ಬಾಕ್ಸ್ ಮತ್ತು ಸ್ಕಮ್‌ವಿಎಂ ಅಲ್ಲಿಯೂ ಚೆನ್ನಾಗಿ ನಡೆಯುತ್ತವೆ. ವಿಂಡೋಸ್ ಗೇಮ್‌ಗೆ ಹಣ ಕೊಟ್ಟು ಕೊಳ್ಳುವ ಕ್ರಾಸ್‌ಓವರ್ ಇದೆ. ಮ್ಯಾಕ್‌ನ ತೀರಾ ಹಳೆಯ ಗೇಮ್‌ಗಳಿಗೆ ಬ್ಯಾಸಿಲಿಸ್ಕ್ 2 ಮತ್ತು ಶೀಪ್‌ಶೇವರ್ ಎಂಬ ಎಮ್ಯುಲೇಟರ್‌ಗಳಿವೆ.

ಓಡಿದ ಮೇಲೆ ಮಾಡಬೇಕಾದ್ದು

ಗೇಮ್ ಓಡಿದ ಕೂಡಲೇ ಆಡಲು ಕೂರದೆ, ಒಂದು ಸಲ ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು, ಆ ಸೇವ್ ಲೋಡ್ ಆಗುತ್ತದೆಯೇ ನೋಡಿ. ಗೇಮ್ ಚೆನ್ನಾಗಿ ಓಡಿ ಸೇವ್ ಮಾತ್ರ ಉಳಿಯದಿರುವುದು ಅಪರೂಪವಲ್ಲ. ಆಮೇಲೆ ಅದೇ ಫೋಲ್ಡರ್‌ನಲ್ಲಿ ಒಂದು ಪಠ್ಯ ಫೈಲ್ ಮಾಡಿ, ಯಾವ ಪ್ಯಾಚ್, ಯಾವ ರ್‍ಯಾಪರ್‌ನ ಯಾವ ಆವೃತ್ತಿ, ಯಾವ ಸೆಟ್ಟಿಂಗ್ ಎಂದು ಬರೆದಿಡಿ. ಇಡೀ ಫೋಲ್ಡರನ್ನು ಡಿಸ್ಕ್ ಇಮೇಜ್ ಜೊತೆ ಜಿಪ್ ಮಾಡಿ ಇನ್ನೊಂದು ಡ್ರೈವ್‌ನಲ್ಲಿ ಇಡಿ. ಮುಂದೆ ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದು ಗೇಮ್ ನಿಂತರೆ, ಮೊದಲು ರ್‍ಯಾಪರ್‌ನ ಹೊಸ ಆವೃತ್ತಿ ಬಂದಿದೆಯೇ ನೋಡಿ, ಹಳೆಯ ಡಿಎಲ್ಎಲ್ ಬದಲು ಅದನ್ನು ಹಾಕಿ. ಉಳಿದ ಸೆಟ್ಟಿಂಗ್‌ಗಳನ್ನು ಮುಟ್ಟಬೇಕಾಗಿ ಬರುವುದು ಕಡಿಮೆ.